ಬಿಯರ್‌ಗೆ ಹಾಕುವ ಮುಂಚೆ ಒಣ ಯೀಸ್ಟನ್ನು ನೀರಲ್ಲಿ ನೆನೆಸಲೇಬೇಕಾ?

ಕಡ್ಡಾಯವೇನಲ್ಲ. ಎಷ್ಟೋ ಯೀಸ್ಟ್‌ಗಳನ್ನು ನೇರವಾಗಿ ವರ್ಟ್ (ಹುದುಗಿ ಬಿಯರ್ ಆಗುವ, ಮೊಳಕೆ ಧಾನ್ಯದ ಸಿಹಿ ರಸ) ಮೇಲೆ ಉದುರಿಸಬಹುದು ಅಂತ ಈಗ ತಯಾರಕರೇ ಹೇಳುತ್ತಾರೆ. ಆದರೆ ವರ್ಟ್‌ನಲ್ಲಿ ಸಕ್ಕರೆ ಜಾಸ್ತಿ ಇದ್ದರೆ ನಾನಂತೂ ನೆನೆಸುತ್ತೇನೆ. ಒಣಗಿದ ಜೀವಕೋಶದ ಪೊರೆಗೆ ಮೊದಲ ಕೆಲವು ನಿಮಿಷ ಏನನ್ನು ಒಳಗೆ ಬಿಡಬೇಕು, ಏನನ್ನು ತಡೆಯಬೇಕು ಅನ್ನುವ ಹಿಡಿತವಿರುವುದಿಲ್ಲ. ಆಗಲೇ ದಟ್ಟವಾದ ಸಕ್ಕರೆನೀರಿಗೆ ಬಿದ್ದರೆ ಒಂದಷ್ಟು ಕೋಶಗಳು ಸತ್ತೇ ಹೋಗುತ್ತವೆ.

11.5 ಗ್ರಾಂ ಪ್ಯಾಕೆಟ್‌ಗೆ ಸುಮಾರು 115 ಮಿ.ಲೀ. ನೀರು ಸಾಕು. ಕುದಿಸಿ, 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಆರಿಸಿ (ಪ್ಯಾಕೆಟ್ ಮೇಲೆ ಬೇರೆ ಅಂಕಿ ಇದ್ದರೆ ಅದನ್ನೇ ನಂಬಿ). ಯೀಸ್ಟ್ ಉದುರಿಸಿ 15 ನಿಮಿಷ ಸುಮ್ನೆ ಬಿಡಿ, ಆಮೇಲೆ ಮೆಲ್ಲಗೆ ಕಲಕಿ. ನೊರೆ ಬರಲಿಲ್ಲ ಅಂತ ಗಾಬರಿಯಾಗಬೇಡಿ. ಅದಕ್ಕೆ ತಿನ್ನಲು ಸಕ್ಕರೆಯೇ ಸಿಕ್ಕಿಲ್ಲ ಅಲ್ವಾ? ವರ್ಟ್ ತೀರಾ ತಣ್ಣಗಿದ್ದರೆ ಅದನ್ನೇ ಯೀಸ್ಟ್ ನೀರಿಗೆ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಎರಡರ ಉಷ್ಣತೆಯ ವ್ಯತ್ಯಾಸವನ್ನು 10 ಡಿಗ್ರಿಯೊಳಗೆ ತಂದು, ತಡಮಾಡದೆ ವರ್ಟ್‌ಗೆ ಸುರಿಯಿರಿ.