ಪ್ರಾರ್ಥಿಸಿದರೂ ಕಾಯಿಲೆ ವಾಸಿಯಾಗದಿದ್ದರೆ ವಿಶ್ವಾಸ ಕಡಿಮೆ ಎಂದರ್ಥವೇ?

ಖಂಡಿತ ಅಲ್ಲ. ಬೈಬಲಿನಲ್ಲಿ ಮಾರ್ಕನ ಸುವಾರ್ತೆಯ 2ನೇ ಅಧ್ಯಾಯ ನೋಡಿ. ಕಪೆರ್ನೌಮ್ ಎಂಬ ಊರಲ್ಲಿ ಯೇಸು ಬೋಧಿಸುತ್ತಿದ್ದ ಮನೆಯಲ್ಲಿ ಜನ ತುಂಬಿ ಬಾಗಿಲ ಬಳಿಯೂ ಕಾಲಿಡಲು ಜಾಗವಿಲ್ಲ. ನಾಲ್ವರು ಚಾವಣಿ ಕಿತ್ತು, ಪಾರ್ಶ್ವವಾಯು ಬಡಿದವನನ್ನು ಹಾಸಿಗೆ ಸಮೇತ ಕೆಳಗಿಳಿಸುತ್ತಾರೆ. ಯೇಸುವಿನ ಬಾಯಿಂದ ಮೊದಲು ಬಂದದ್ದು ಪಾಪಕ್ಷಮೆಯ ಮಾತು. ಎದ್ದು ನಡೆ ಎಂದದ್ದು ಆಮೇಲೆ. ದೇವರೊಂದಿಗೆ ಮುರಿದ ಸಂಬಂಧ ಕೂಡಿಕೊಳ್ಳುವುದೇ ಆತ್ಮಿಕ ಸ್ವಸ್ಥತೆ. ಅದು ದೇಹ ಗುಣವಾಗಲೆಂದು ಕಾಯುವುದಿಲ್ಲ.

ಯೇಸುವಿನ ಅಪೊಸ್ತಲನಾದ ಪೌಲನು ತನ್ನ ಶರೀರದಲ್ಲಿ ನಾಟಿದ್ದ ಶೂಲ, ಅಂದರೆ ಬಿಡದೆ ಕಾಡುತ್ತಿದ್ದ ಬಾಧೆ, ತೊಲಗಲೆಂದು ಮೂರು ಸಲ ಬೇಡಿಕೊಂಡನು. ಶೂಲ ಹೋಗಲಿಲ್ಲ, ಕೃಪೆಯೇ ಸಾಕೆಂಬ ಉತ್ತರ ಬಂತು. ಪೌಲನಿಗೆ ವಿಶ್ವಾಸ ಸಾಲದೆಂದು ಯಾರು ಹೇಳಿಯಾರು? ಹಾಸಿಗೆ ಹಿಡಿದವರಿಗೆ ಹಾಗೆ ಹೇಳುವುದು ನನ್ನ ದೃಷ್ಟಿಯಲ್ಲಿ ಕ್ರೌರ್ಯ. ಯಾಕೋಬನ ಪತ್ರಿಕೆ ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿ ಎನ್ನುತ್ತದೆ, ಮದ್ದು ಬಿಡಿ ಎನ್ನುವುದಿಲ್ಲ.