ಮನೆಯ ಹಾಟ್ ಟಬ್ ನೀರಿಗೆ ಕ್ಲೋರಿನ್ ಒಳ್ಳೆಯದೋ, ಬ್ರೋಮಿನ್ ಒಳ್ಳೆಯದೋ?

ನನ್ನ ಮತ ಬ್ರೋಮಿನ್‌ಗೆ. ನೀರು 38–40 ಡಿಗ್ರಿ ಸೆಲ್ಸಿಯಸ್ ಬಿಸಿಯಿದ್ದು, ಜೊತೆಗೆ ಗಾಳಿಗುಳ್ಳೆಗಳೂ ಏಳುತ್ತಿದ್ದರೆ ಕ್ಲೋರಿನ್ ಬೇಗ ಖರ್ಚಾಗುತ್ತದೆ. ಬ್ರೋಮಿನ್ ಹೆಚ್ಚು ಹೊತ್ತು ನಿಲ್ಲುತ್ತದೆ; ಬೆವರಿನ ಅಮೋನಿಯಾದೊಡನೆ ಬೆರೆತ ಮೇಲೂ ರೋಗಾಣುಗಳನ್ನು ಕೊಲ್ಲುತ್ತದೆ. ಬೆಲೆ ತುಸು ಹೆಚ್ಚು. ಬಿಸಿಲು ಬಿದ್ದರೆ ಬೇಗ ಕಳೆದುಹೋಗುತ್ತದೆ, ಆದ್ದರಿಂದ ಟಬ್ ಅಂಗಳದಲ್ಲಿದ್ದರೆ ಮುಚ್ಚಳ ಬೇಕೇ ಬೇಕು.

ಕ್ಲೋರಿನ್ನೇ ಸಾಕು ಎನ್ನುವವರು ಈಜುಕೊಳದ ಟ್ರೈಕ್ಲೋರ್ ಬಿಲ್ಲೆಗಳನ್ನು ಮಾತ್ರ ತರಬೇಡಿ. ಅದು ತೀರಾ ಆಮ್ಲೀಯ, ಹೀಟರಿನ ಲೋಹವನ್ನೇ ತಿನ್ನುತ್ತದೆ. ಕ್ಲೋರಿನ್ನಿನ ಇನ್ನೊಂದು ರೂಪವಾದ ಡೈಕ್ಲೋರ್ ಪುಡಿ ಸಲೀಸಾಗಿ ಕರಗುತ್ತದೆ, ಆದರೆ ಹಾಕಿದಾಗಲೆಲ್ಲ ಸಯನ್ಯೂರಿಕ್ ಆಮ್ಲವನ್ನು ಉಳಿಸಿಹೋಗುತ್ತದೆ. ಅದು ಹೆಚ್ಚಿದಷ್ಟೂ ಕ್ಲೋರಿನ್ ಮಂಕಾಗುತ್ತದೆ. ಬ್ಲೀಚಿಂಗ್ ಪೌಡರ್‌ನಲ್ಲಿ ಸುಣ್ಣದ ಅಂಶವಿದೆ. ಬೋರ್‌ವೆಲ್ಲಿನ ಗಡಸು ನೀರಿಗೆ ಅದೂ ಸೇರಿದರೆ ಗೀಸರಿನೊಳಗೆ ಕಟ್ಟುವಂಥದ್ದೇ ಬಿಳಿ ಪದರ ಇಲ್ಲೂ ಕಟ್ಟುತ್ತದೆ.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುವ ಅಳತೆ: ಕ್ಲೋರಿನ್ ಕನಿಷ್ಠ 3 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ 3 ಭಾಗ), ಬ್ರೋಮಿನ್ 4ರಿಂದ 8, ನೀರಿನ ಆಮ್ಲ-ಕ್ಷಾರದ ಮಟ್ಟ ತೋರುವ ಪಿಎಚ್ 7.0ರಿಂದ 7.8. ಪರೀಕ್ಷಾ ಪಟ್ಟಿಯನ್ನು ಅದ್ದಿ, ಡಬ್ಬಿಯ ಮೇಲಿನ ಬಣ್ಣದೊಡನೆ ಹೋಲಿಸಿದ ಮೇಲೆಯೇ ಟಬ್ಬಿಗಿಳಿಯಿರಿ. ಕ್ಷಾರೀಯತೆ (ಪಿಎಚ್ ಏರಿಳಿಯದಂತೆ ತಡೆಯುವ ಗುಣ) ಕಡಿಮೆಯಿದ್ದರೆ ಅಡುಗೆ ಸೋಡಾ ಸಾಕು, ದುಬಾರಿ ಡಬ್ಬಿ ಬೇಡ.

ಘಾಟು ವಾಸನೆ ಬಂದರೆ ಔಷಧಿ ಜಾಸ್ತಿಯಾಯಿತೆಂದು ಎಲ್ಲರೂ ತಿಳಿಯುತ್ತಾರೆ. ಬಹುತೇಕ ಅದು ಕೊಳೆಯೊಡನೆ ಸೇರಿ ಸೋತ ಕ್ಲೋರಿನ್ನಿನ ವಾಸನೆ. ಇನ್ನು, ಯಾವ ಎರಡು ಪುಡಿಗಳನ್ನೂ ಒಂದೇ ಲೋಟದಲ್ಲಿ ಬೆರೆಸಬೇಡಿ. ಆಮ್ಲದ ಜೊತೆಗಂತೂ ಕ್ಲೋರಿನ್ ವಿಷಗಾಳಿಯಾಗಿ ಏಳುತ್ತದೆ.