ಓದುಗರ ಪ್ರಶ್ನೆ: ಸೆಲೆನೈಟ್ ಕೆಂಪಾಯಿತು, ಸೆಲೆನೇಟ್ ಯಾಕಿಲ್ಲ?

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ ಮುಳಾ ನದಿ ದಂಡೆಯ ಮಣ್ಣನ್ನು ನೈಟ್ರೇಟ್ ಇರುವ ದ್ರವಮಾಧ್ಯಮಕ್ಕೆ ಹಾಕಿ ಶೇಕರ್ (ಅಲುಗಾಡಿಸುವ ಯಂತ್ರ) ಮೇಲಿಟ್ಟಿದ್ದೆ. ಸೆಲೆನಿಯಂ ಧಾತುವಿನ ಲವಣವಾದ ಸೋಡಿಯಂ ಸೆಲೆನೈಟ್ ಬೆರೆಸಿದ ಫ್ಲಾಸ್ಕ್ ಎರಡೇ ದಿನದಲ್ಲಿ ಕೆಂಪಾಯಿತು. ಅದೇ ಧಾತುವಿನ ಇನ್ನೊಂದು ಲವಣ ಸೆಲೆನೇಟ್ ಬೆರೆಸಿದ್ದು ಹತ್ತು ದಿನವಾದರೂ ಹಾಗೇ ಇದೆ. ಅದನ್ನು ಅಪಕರ್ಷಿಸುವ (ಆಮ್ಲಜನಕ ಕಿತ್ತು ಧಾತುವಾಗಿಸುವ) ಬ್ಯಾಕ್ಟೀರಿಯಾ ನನ್ನ ಮಣ್ಣಿನಲ್ಲಿ ಇಲ್ಲವೇ?
(ವಿದ್ಯಾರ್ಥಿನಿ, ಔಂಧ್, ಪುಣೆ)

ಉತ್ತರ: ಈಗಲೇ ಹಾಗೆ ತೀರ್ಮಾನಿಸಬೇಡಿ. ಸೆಲೆನೈಟ್ ಜೀವಕೋಶಕ್ಕೆ ವಿಷ. ಎಷ್ಟೋ ಸಾಮಾನ್ಯ ಬ್ಯಾಕ್ಟೀರಿಯಾಗಳು ಗ್ಲುಟಾಥಯೋನ್‌ನಂಥ ಗಂಧಕಯುಕ್ತ ಅಣುಗಳ ನೆರವಿನಿಂದ ಅದನ್ನು ಕರಗದ ಕೆಂಪು ಸೆಲೆನಿಯಂ ಧಾತುವಾಗಿಸಿ ಪಾರಾಗುತ್ತವೆ. ಇದಕ್ಕೆ ಗಾಳಿ ಅಡ್ಡಿಯಲ್ಲ. ಸೆಲೆನೇಟನ್ನಾದರೋ ಥೌಯೆರಾ ಸೆಲೆನೇಟಿಸ್‌ನಂಥವು ಆಮ್ಲಜನಕ ಸಿಗದಾಗ ಉಸಿರಾಟಕ್ಕೆ ಬಳಸುತ್ತವೆ. ನಿಮ್ಮ ಶೇಕರ್ ಆಮ್ಲಜನಕ ಕೊಡುತ್ತಲೇ ಇತ್ತು. ಮೇಲಾಗಿ ಅನೇಕ ತಳಿಗಳು ನೈಟ್ರೇಟ್ ಮುಗಿಯುವ ತನಕ ಸೆಲೆನೇಟ್ ಮುಟ್ಟುವುದೇ ಇಲ್ಲ.

100 ಮಿ.ಲೀ. ಸೀರಂ ಬಾಟಲಿಯಲ್ಲಿ ನೈಟ್ರೇಟ್ ಇಲ್ಲದ 50 ಮಿ.ಲೀ. ಮಾಧ್ಯಮ, 10 ಮಿಲಿಮೋಲಾರ್ ಲ್ಯಾಕ್ಟೇಟ್, ನದಿಯಂಚಿನ ಹಸಿ ಕೆಸರು 1 ಗ್ರಾಂ ಹಾಕಿ. 15 ನಿಮಿಷ ಸಾರಜನಕ ಹಾಯಿಸಿ, ರಬ್ಬರ್ ಬಿರಡೆ ಬಿಗಿದು, 30 ಡಿಗ್ರಿಯಲ್ಲಿ ಅಲುಗಾಡಿಸದೆ ಇಡಿ. ಸೆಲೆನೇಟ್ 1 ಮಿಲಿಮೋಲಾರ್ ಸಾಕು. ತೂಗುವ ಮುನ್ನ ಡಬ್ಬಿಯ ಲೇಬಲ್ ಓದಿ: ನೀರಿನಂಶವಿಲ್ಲದ ಲವಣವಾದರೆ ಲೀಟರಿಗೆ 189 ಮಿ.ಗ್ರಾಂ, ಡೆಕಾಹೈಡ್ರೇಟ್ ಆದರೆ 369. ಮೆಗ್ನೀಸಿಯಂ ಸಲ್ಫೇಟ್ ಬದಲು ಕ್ಲೋರೈಡ್ ಬಳಸಿ. ಸಲ್ಫೇಟಿನಿಂದ ಹುಟ್ಟುವ ಸಲ್ಫೈಡ್ ತಾನೇ ಸೆಲೆನೈಟ್ ಜೊತೆ ಸೇರಿ ಕೆಂಪು-ಕಿತ್ತಳೆ ಬಣ್ಣ ತರುತ್ತದೆ.

ಹೋಲಿಕೆಗೆ ಸತ್ತ ಮಣ್ಣಿನ ಬಾಟಲಿಯೊಂದು ಇರಲೇಬೇಕು. ಮಣ್ಣಿನ ಬೀಜಾಣುಗಳೆಲ್ಲ ಒಂದು ಸಲದ ಆಟೋಕ್ಲೇವಿಗೆ (ಒತ್ತಡದ ಹಬೆಯಲ್ಲಿ ಬೇಯಿಸುವುದಕ್ಕೆ) ಸಾಯದೇ ಇರಬಹುದು; ಮರುದಿನ ಮತ್ತೊಮ್ಮೆ ಮಾಡಿ. ಸೆಲೆನೈಟ್ ದ್ರಾವಣವನ್ನು ಗ್ಲೂಕೋಸ್ ಜೊತೆ ಬೇಯಿಸಬೇಡಿ, ಜೀವಿಯಿಲ್ಲದೆಯೂ ಕೆಂಪಾದೀತು. 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ ಆಮೇಲೆ ಸೇರಿಸಿ.

ಬಣ್ಣವನ್ನಷ್ಟೇ ನೋಡಿ ಫಲಿತಾಂಶ ಬರೆಯಬೇಡಿ. ಹೈಡ್ರೈಡ್ ವಿಧಾನ (ಸೆಲೆನಿಯಂ ಅನ್ನು ಅನಿಲವಾಗಿಸಿ ಅಳೆಯುವ ಕ್ರಮ) ಸೆಲೆನೈಟನ್ನು ಮಾತ್ರ ಅಳೆಯುತ್ತದೆ. ಸೆಲೆನೇಟನ್ನು ಮೊದಲು ಸುಮಾರು 6 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಾಯಿಸಿ ಸೆಲೆನೈಟ್ ಮಾಡಿಕೊಳ್ಳಬೇಕು. ಕೆಂಪು ಧಾತುವನ್ನು ಕರಗಿಸಲು ನೈಟ್ರಿಕ್ ಆಮ್ಲವೇ ಬೇಕು. ಬೆಳ್ಳುಳ್ಳಿ ವಾಸನೆ ಬಂದರೆ ಅದು ಡೈಮೀಥೈಲ್ ಸೆಲೆನೈಡ್. ಮೂಸಿ ನೋಡಲು ಹೋಗಬೇಡಿ, ಬಾಟಲಿಯನ್ನು ಫ್ಯೂಮ್ ಹುಡ್‌ನಲ್ಲೇ ತೆರೆಯಿರಿ. ಉಳಿದ ದ್ರವವನ್ನು ಸಿಂಕಿಗೆ ಸುರಿಯದೆ ರಾಸಾಯನಿಕ ತ್ಯಾಜ್ಯಕ್ಕೆ ಕೊಡಿ.

ಪ್ರಶ್ನೆ: ಕೆಂಪು ಧಾತುವಾದ ಮೇಲೆ ಅಪಾಯವಿಲ್ಲ ಅನ್ನುತ್ತಾರೆ. ಹಾಗಿದ್ದರೆ ನಮ್ಮ ಜಂಬಿಟ್ಟಿಗೆ ಮಣ್ಣಿನ ತೋಟಕ್ಕೆ ಸೆಲೆನೇಟ್ ಹಾಕಬಹುದೇ?
(ಓದುಗರು, ಫೋಂಡಾ, ಗೋವಾ)

ಉತ್ತರ: ದಯವಿಟ್ಟು ಬೇಡ. ಜಂಬಿಟ್ಟಿಗೆ ಮಣ್ಣಿನ ಕಬ್ಬಿಣದ ಆಕ್ಸೈಡು ಸೆಲೆನೈಟನ್ನು ಬಿಗಿಯಾಗಿ ಹಿಡಿಯುತ್ತದೆ, ಸೆಲೆನೇಟನ್ನು ಅಷ್ಟಾಗಿ ಅಲ್ಲ. ಬ್ಯಾಕ್ಟೀರಿಯಾ ಅದನ್ನು ಬದಲಿಸುವಷ್ಟರಲ್ಲಿ ಗೋವಾದ ಮಳೆ ಬಾವಿಗೆ ಇಳಿಸಿರುತ್ತದೆ; ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 0.01 ಮಿ.ಗ್ರಾಂ ಮಾತ್ರ. ಕೆಂಪು ಧಾತುವೂ ಶಾಶ್ವತವಲ್ಲ. ಮಣ್ಣಿಗೆ ಗಾಳಿಯಾಡಿದಾಗ ಅದು ನಿಧಾನವಾಗಿ ಮತ್ತೆ ಕರಗುವ ರೂಪಕ್ಕೆ ತಿರುಗುತ್ತದೆ. ಕ್ಯಾಲಿಫೋರ್ನಿಯಾದ ಕೆಸ್ಟರ್ಸನ್ ಜಲಾಶಯದಲ್ಲಿ 1983ರಲ್ಲಿ ವಿರೂಪಗೊಂಡ ಹಕ್ಕಿಮರಿಗಳು ಕಂಡದ್ದು ಹೊಲಗಳಿಂದ ಬಸಿದು ಬಂದ ಸೆಲೆನಿಯಂನಿಂದಲೇ. ಮೊದಲು ಮಣ್ಣು, ಬಾವಿನೀರು ಎರಡನ್ನೂ ಪರೀಕ್ಷೆಗೆ ಕೊಡಿ.